ಬೆಳ್ಳಿಹುಲ್ಲೂ ಮೇಫ್ಲವರ್ ಕಡ್ಡಿಯೂ

ತೋಟದಣ್ಣನ ಪೇಚಾಟ ಆ ದಿನ ಬೆಳಗ್ಗೆ ಲಾರಿಯಲ್ಲಿ ಬಂದಿಳಿಯಿತು. ಎಂಟು ಕುಂಡ ಹುಲ್ಲು. ಹುಲ್ಲೆಂದರೆ ದನ ಮೂಸಿ ಬಾಯಿ ಹಾಕುವ ಹುಲ್ಲಲ್ಲ. ಎದೆಯೆತ್ತರ ಬೆಳೆದು, ತುದಿಗೊಂದೊಂದು ಬೆಳ್ಳಿಯ ಕುಚ್ಚು ಹೊತ್ತು ನಿಂತ ಅಲಂಕಾರದ ಹುಲ್ಲು. ಗಾಳಿ ಸುಳಿದರೆ ಎಂಟು ರಾಜಕುಮಾರಿಯರು ತಲೆಗೆ ಸ್ನಾನ ಮಾಡಿ ಒಟ್ಟಿಗೇ ಕೂದಲು ಒದರಿದ ಹಾಗಿತ್ತು.

ನೀರಿನ ಮೀಟರ್ ತಯಾರಿಸುವ ಆ ಕಂಪನಿಯ ಅಂಗಳದಲ್ಲಿ ಇಪ್ಪತ್ತು ವರ್ಷ ಮಣ್ಣು ಕೆದಕಿದ ತೋಟದಣ್ಣ ಕೈಯಲ್ಲಿ ಪೈಪು ಹಿಡಿದು ಹಾಗೇ ನಿಂತುಬಿಟ್ಟ. ನೀರು ತನ್ನ ಕಾಲ ಮೇಲೇ ಸುರಿಯುತ್ತಿರುವುದೂ ಅವನಿಗೆ ತಿಳಿಯಲಿಲ್ಲ.

"ಬಾಯಿ ಮುಚ್ಕೊಳ್ಳಯ್ಯ, ನೊಣ ಹೊಕ್ಕೀತು," ಎಂದರು ಮ್ಯಾನೇಜರ್. "ಗೇಟಿನ ಪಕ್ಕದ ಖಾಲಿ ಜಾಗಕ್ಕೆ ಇದೇ. ಎಲೆ ಉದುರಿಸಲ್ಲ, ಬೇರು ಬಿಟ್ಟು ಗೋಡೆ ಸೀಳಲ್ಲ, ಎದುರು ಮಾತಾಡಲ್ಲ. ನಿನಗಿಂತ ಶಿಸ್ತು."

"ಚೆನ್ನಾಗಿದೆ ಸರ್. ಆದ್ರೆ ಅಲ್ಲಿ ಮರ ಹಾಕೋಣ ಅಂತ ಮಾತಾಗಿತ್ತಲ್ಲ?"

"ಆಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ ಅಂದಿದಾರೆ ದೊಡ್ಡ ಮೇಡಂ. ನಾಲ್ಕು ಗಂಟೆಗೆ ಬರ್ತಾರೆ. ನಿನ್ನ ಆ ಕಡ್ಡೀನೂ ತಂದಿಡು. ಹೋಲಿಸೋಕೆ ಏನಾದ್ರೂ ಬೇಕಲ್ಲ."

ಕಡ್ಡಿ ಎಂದರೆ ಮೇಫ್ಲವರ್ ಗಿಡ. ಐದು ವರ್ಷದ ಹಿಂದೆ ರಸ್ತೆಯಲ್ಲಿ ಬಿದ್ದಿದ್ದ ಕಾಯಿಯನ್ನು ಸೀಳಿ ಬೀಜ ತೆಗೆದು, ಬಣ್ಣದ ಹಳೇ ಡ್ರಮ್ಮಿನಲ್ಲಿ ಹಾಕಿ, ತೋಟದಣ್ಣ ಆಳೆತ್ತರಕ್ಕೆ ಬೆಳೆಸಿದ್ದ. ಬೇಸಿಗೆಯಾದ್ದರಿಂದ ಈಗ ಒಂದು ಎಲೆಯೂ ಇರಲಿಲ್ಲ. ಏಳು ಬೋಳು ಕೊಂಬೆ ಚಾಚಿ, ಯಾರೋ ಕೋಟು ತಗಲಿಸಿ ಮರೆತು ಹೋದ ಗೂಟದ ಹಾಗೆ ನಿಂತಿತ್ತು.

ಈ ಗಿಡಕ್ಕಾಗಿ ಅವನು ಜೀವ ಬಿಡುತ್ತಿದ್ದುದು ಹೂವಿನ ಆಸೆಗಲ್ಲ. ಕ್ಯಾಂಟೀನಿಗೆ ಹೊಸ ಟೈಲ್ಸ್ ಹಾಕಿದಂದಿನಿಂದ ಬಾಗಿಲಲ್ಲೊಂದು ಬೋರ್ಡು ತೂಗುತ್ತಿತ್ತು: ‘ಮಣ್ಣಿನ ಕಾಲಿನವರು ಹೊರಗೇ ಊಟ ಮಾಡತಕ್ಕದ್ದು.’ ಅಂಥ ಕಾಲಿದ್ದದ್ದು ಮೂವರಿಗೆ. ತೋಟದಣ್ಣ, ಗುಡಿಸುವ ಅಕ್ಕ, ಲಾರಿಯ ಡ್ರೈವರ್. ಡ್ರೈವರನದು ಅಸಲಿಗೆ ಗ್ರೀಸಿನ ಕಾಲು. ಅದನ್ನೂ ಮಣ್ಣಿಗೇ ಸೇರಿಸಿದ್ದರು. ಆರು ವರ್ಷದಿಂದ ಮೂವರೂ ಕಾಂಪೌಂಡ್ ಗೋಡೆಗೆ ಬೆನ್ನು ಒತ್ತಿ ಉಣ್ಣುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಆ ಗೋಡೆ ಕೊಡುವ ನೆರಳು ಒಂದು ಗೇಣು. ಬೆನ್ನು ನೆರಳಲ್ಲಿ, ಡಬ್ಬಿ ಬಿಸಿಲಲ್ಲಿ. ಹೋದ ತಿಂಗಳು ಅಕ್ಕ ತುತ್ತು ಕೈಯಲ್ಲಿರುವಾಗಲೇ ತಲೆ ತಿರುಗಿ ಬಿದ್ದಿದ್ದಳು. ಒಳಗಿದ್ದವರು ಗಾಜಿನ ಕಿಟಕಿಯಿಂದ ನೋಡಿದರು. ನೋಡಲಾಗದೆ ಪರದೆ ಎಳೆದುಕೊಂಡರು.

ಮೇಫ್ಲವರ್ ಆ ಖಾಲಿ ಜಾಗದಲ್ಲಿ ನೆಲಕ್ಕಿಳಿದರೆ ನಾಲ್ಕು ವರ್ಷದಲ್ಲಿ ಕೊಡೆ ಬಿಚ್ಚುತ್ತದೆ. ಮೂರು ಡಬ್ಬಿಗೆ ಧಾರಾಳ ಸಾಕು.

ಹತ್ತು ಗಂಟೆಗೆ ಡ್ರಮ್ಮು ಉರುಳಿಸಿ ತಂದು ಹುಲ್ಲಿನ ಪಕ್ಕ ನಿಲ್ಲಿಸಿದ. ಒಳಹೋಗುವವರೆಲ್ಲ ಹುಲ್ಲಿನ ಮುಂದೆ ನಿಂತು "ಅಬ್ಬಾ!" ಅಂದರು. ಆಮೇಲೆ ಕಡ್ಡಿಯ ಕಡೆ ತಿರುಗಿದರು.

"ಇದು ಸತ್ತಿದೆ," ಎಂದ ಸ್ಟೋರ್‌ಕೀಪರ್.

"ಸತ್ತಿಲ್ಲ ಸರ್, ಒಳಗೆ ಹಸಿ ಇದೆ."

"ಹೌದಾ?" ಸ್ಟೋರ್‌ಕೀಪರ್ ಒಂದು ಕೊಂಬೆ ಲಟಕ್ಕೆಂದು ಮುರಿದು ನೋಡಿದ. "ಅರೇ, ಹೌದು ಕಣಯ್ಯ! ಹಸಿರಿದೆ!"

ಅವನ ಹಿಂದೆ ಟೈಪಿಸ್ಟಮ್ಮ ಬಂದರು. "ಪಾಪ, ಜೀವ ಇದೆಯೇನಪ್ಪಾ ಇದಕ್ಕೆ?" ಎಂದು ಮರುಕದಿಂದಲೇ ಎರಡನೆಯದನ್ನು ಮುರಿದರು. ಅವರನ್ನು ನಂಬದ ಕ್ಯಾಷಿಯರ್ ಮೂರನೆಯದನ್ನು. ತೋಟದಣ್ಣ ಪೈಪು ನಿಲ್ಲಿಸಲು ನಲ್ಲಿಯ ತನಕ ಹೋಗಿ ಬರುವಷ್ಟರಲ್ಲಿ ಇನ್ನೊಬ್ಬರು ಯಾರೋ ನಾಲ್ಕನೆಯದನ್ನೂ ಮುರಿದು, ಗಿಡ ಬದುಕಿದೆಯೆಂದು ಸಂತೋಷಪಟ್ಟು ಹೋಗಿದ್ದರು.

"ಏಳಿದ್ದದ್ದು ಮೂರಾಯ್ತಲ್ಲೋ!" ಎಂದು ಬಂದಳು ಅಕ್ಕ, ಪೊರಕೆ ಎತ್ತಿಕೊಂಡೇ. "ಇನ್ನು ಇಬ್ಬರು ಬಂದು ಜೀವ ಇದೆಯಾ ನೋಡಿದ್ರೆ ಜೀವ ಹೋಗುತ್ತೆ ಅದರದ್ದು. ಆ ಮೇಡಂ ಬಂದು ಏನು ನೋಡ್ಬೇಕು? ಗೂಟಾನಾ?"

"ಮೇಡಂ ಹೂ ನೋಡ್ತಾರೆ," ಎಂದ ಡ್ರೈವರ್, ಲಾರಿಯ ಕೆಳಗಿನಿಂದ ತಲೆ ಹೊರಚಾಚಿ. "ವಾರ್ಷಿಕೋತ್ಸವಕ್ಕೆ ತಂದ ಕೆಂಪು ಕಾಗದ ಸ್ಟೋರಲ್ಲಿ ಬಿದ್ದಿದೆ. ಅಂಟು ನನ್ಹತ್ರ ಇದೆ."

"ಥೂ! ಗಿಡಕ್ಕೆ ಕಾಗದ ಅಂಟಿಸ್ತೀಯಾ? ಇಪ್ಪತ್ತು ವರ್ಷ ಮಣ್ಣಲ್ಲಿ ಬೆರಳಿಟ್ಟೋನು ನಾನು."

"ಹಂಗಾದ್ರೆ ಇನ್ನೊಂದಿಪ್ಪತ್ತು ವರ್ಷ ಬಿಸಿಲಲ್ಲಿ ಡಬ್ಬಿ ಇಡು."

ತೋಟದಣ್ಣ ಅಕ್ಕನ ಮುಖ ನೋಡಿದ. ಅಂದು ಬಿದ್ದಾಗ ಹಣೆಗಾದ ಗಾಯದ ಗುರುತು ಇನ್ನೂ ಮಾಸಿರಲಿಲ್ಲ. ಅವನು ಕತ್ತರಿಗೆ ಕೈ ಚಾಚಿದ.

ಊಟ ಬಿಟ್ಟು ಕೂತರು. ಡ್ರೈವರ್ ಎಸಳು ಕತ್ತರಿಸಿದ, ಅಕ್ಕ ಕಟ್ಟಿದಳು, ತೋಟದಣ್ಣ ಅಂಟಿಸಿದ. ಹೂವಿಗೆ ಐದೈದು ಎಸಳು, ಐದೂ ಒಂದೇ ಕೆಂಪು. ಮೂರೂ ಮುಕ್ಕಾಲಿಗೆ ಇಪ್ಪತ್ತಾರು ಹೂವಾದವು. ಕೊನೆಯದನ್ನು ನೆತ್ತಿಯ ತುದಿಗೆ ಸಿಕ್ಕಿಸಲು ಸ್ಟೂಲು ಹತ್ತಿದ ತೋಟದಣ್ಣ ಅಲ್ಲೇ ಕಲ್ಲಾದ.

"ಏನೋ? ಚೇಳು ಕಚ್ತಾ?" ಅಂದಳು ಅಕ್ಕ.

ತುದಿಯಲ್ಲಿ ಒಂದು ಮೊಗ್ಗು ಒಡೆದಿತ್ತು. ಹೋದ ವಾರ ಉದ್ದಿನ ಕಾಳಿನಷ್ಟಿದ್ದದ್ದನ್ನು ಅವನು ಚಿಗುರೆಂದುಕೊಂಡಿದ್ದ. ಈಗ ಅವನ ಮೂಗಿನೆದುರಿಗೇ, ಸದ್ದಿಲ್ಲದೆ, ಅವಸರವಿಲ್ಲದೆ, ನಾಲ್ಕು ಕೆಂಪು ಎಸಳು ಹೊರಳಿಕೊಂಡವು. ಐದನೆಯದು ಮಾತ್ರ ಬೇರೆ: ಬಿಳಿ, ಅದರ ಮೇಲೆ ಹಳದಿ ಛಾಯೆ, ಕೆಂಪು ಚುಕ್ಕೆ, ಗೆರೆ. ಅಷ್ಟು ಚುಕ್ಕೆಗಳನ್ನು ಯಾವ ಕೈ ಯಾವ ಕುಂಚ ಹಿಡಿದು ಇಟ್ಟಿತು? ಐದು ವರ್ಷ ಆ ಒಣಗೂಟ ಇದನ್ನು ಯಾವ ಗೂಡಿನಲ್ಲಿ ಬಚ್ಚಿಟ್ಟಿತ್ತು? ಉಸಿರು ತಾಗಿದರೆ ಎಲ್ಲಿ ಮುದುಡುವುದೋ ಎಂದು ತೋಟದಣ್ಣ ಮುಖ ಪಕ್ಕಕ್ಕೆ ತಿರುಗಿಸಿ ಉಸಿರಾಡಿದ.

"ಕಾಗದ ಎಲ್ಲಾ ಕಿತ್ತುಬಿಡೋಣ," ಎಂದ ಪಿಸುಮಾತಿನಲ್ಲಿ. "ಇದೊಂದೇ ಸಾಕು."

"ಹುಚ್ಚಾ? ಈ ಒಂದು ಹೂ ಕಾಣೋಕೆ ಮೇಡಂ ಏಣಿ ಹತ್ತಬೇಕು. ಇಳಿ ಕೆಳಗೆ!" ಎಂದ ಡ್ರೈವರ್.

ಇಳಿದನೋ ಇಲ್ಲವೋ, ಮ್ಯಾನೇಜರ್ ಕಚೇರಿಯ ಒಳಗಿನಿಂದಲೇ ಕೂಗಿದರು: "ಹುಲ್ಲಿನ ಮೇಲೆ ಧೂಳು ಕೂತಿರುತ್ತೆ, ನೀರು ಹೊಡಿಯಯ್ಯ! ಕಾರು ತಿರುವಿನಲ್ಲಿದೆ!"

ಹುಲ್ಲಿಗೆ ಹೊಡೆದ ನೀರಿಗೆ ಹುಲ್ಲಿನಷ್ಟು ಶಿಸ್ತಿರಲಿಲ್ಲ. ಗಾಳಿ ಬೀಸಿ, ಅರ್ಧ ನೀರು ಕಾಗದದ ಮೇಲೆ ಬಿತ್ತು. ಬಣ್ಣ ಇಳಿಯತೊಡಗಿತು. ತೋಟದಣ್ಣ ಅಂಗೈಯಿಂದ ಒರೆಸಿದ, ಅಂಗೈ ಕೆಂಪಾಯಿತು. ಅಂಗಿಗೆ ಒರೆಸಿದ, ಅಂಗಿ ಕೆಂಪಾಯಿತು. ಬೆವರೊರೆಸಿಕೊಂಡ, ಹಣೆಯೂ ಕೆಂಪಾಗಿ, ಯಾರೋ ಹಿಡಿದು ಬಡಿದ ಹಾಗೆ ಕಂಡ.

ಅಷ್ಟರಲ್ಲಿ ದೊಡ್ಡ ಮೇಡಂ ಬಂದರು. ಕಪ್ಪು ಕನ್ನಡಕ. ಕಾರಿನಿಂದ ಮೆಟ್ಟಿಲಿಗೆ ಇಳಿದರು. ಅಂಗಳದ ಮಣ್ಣಿಗೆ ಇಳಿಯಲಿಲ್ಲ.

ಅದೇ ಹೊತ್ತಿಗೆ ಇಳಿಬಿಸಿಲು ಗೇಟಿನ ಸರಳುಗಳ ನಡುವಿನಿಂದ ನುಗ್ಗಿ ಹುಲ್ಲಿನ ಬೆನ್ನಿಗೆ ಬಿತ್ತು. ಎಂಟೂ ಕುಂಡ ಹೊತ್ತಿಕೊಂಡವು. ಕುಚ್ಚು ಕುಚ್ಚಿನಲ್ಲೂ ನೀರಹನಿ, ಹನಿ ಹನಿಯಲ್ಲೂ ಒಂದೊಂದು ದೀಪ. ಗಾಳಿ ಬೀಸಿದಾಗ ಆ ಬೆಳಕೇ ಬಾಗಿ, ಬೆಳಕೇ ಎದ್ದಿತು. ತನ್ನ ವೈರಿಯ ಚೆಲುವಿಗೆ ತೋಟದಣ್ಣನೇ ಮೈಮರೆತ. ಸೋತೆ ಅಂದುಕೊಂಡ. ಇಂಥದ್ದರ ಮುಂದೆ ಸೋತರೂ ಅವಮಾನವಿಲ್ಲ ಎಂದೂ ಅನ್ನಿಸಿತು.

ಮೇಡಂ ಹುಲ್ಲು ನೋಡಿ "ನೈಸ್" ಎಂದರು. ಆಮೇಲೆ ಕತ್ತು ತಿರುಗಿಸಿದರು. ಕನ್ನಡಕ ಹಣೆಗೇರಿತು.

"ಇದೇನಿದು! ಎಲೇನೇ ಇಲ್ಲ, ಮೈಯೆಲ್ಲಾ ಹೂವು! ಡ್ರಮ್ಮಿನಲ್ಲಿ!"

ಮ್ಯಾನೇಜರ್ ಬಾಯಿ ತೆರೆದರು. ಬೆಳಗ್ಗೆ ತಾವೇ ನೋಡಿದ ಗೂಟ! ನೊಣ ಹೊಕ್ಕೀತೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ.

"ಯಾರು ಬೆಳೆಸಿದ್ದು?"

"ನಾನು ಮೇಡಂ. ಬೀಜದಿಂದ," ಎಂದ ತೋಟದಣ್ಣ. ಅದು ಸುಳ್ಳಲ್ಲವಾದ್ದರಿಂದ ದನಿ ಗಟ್ಟಿಯಾಗಿಯೇ ಬಂತು.

"ಅದ್ಭುತ! ಎಲ್ಲಾ ಹೂವೂ ಎಷ್ಟು ಸಹಜವಾಗಿದೆ! ಆ ತುದೀದೊಂದು ಮಾತ್ರ ನೋಡಿ, ಒಂದೆಸಳು ಬಿಳಚಿಕೊಂಡಿದೆ. ನಿಜದ ಹೂವಿನ ಥರಾನೇ ಇಲ್ಲ ಅದು. ತೆಗೆದುಬಿಡಿ."

ತೋಟದಣ್ಣನ ಕೈ ಮೇಲೇಳುವ ಮೊದಲೇ ಮ್ಯಾನೇಜರ್ ಸ್ಟೂಲು ಹತ್ತಿ ಅದನ್ನು ಚಿವುಟಿ ಎಸೆದಾಗಿತ್ತು. ಆಸರೆಗೆ ಹಿಡಿದ ಕೊಂಬೆಯ ಹೂಗಳೆಲ್ಲ ಅವರ ಅಂಗೈಗೆ ಕೆಂಪು ಬಳಿದವು. ಚಿವುಟಿದ ಆ ಒಂದು ಹೂ ಮಾತ್ರ ಬಣ್ಣ ಬಿಡಲಿಲ್ಲ. ಮ್ಯಾನೇಜರ್ ಅಂಗೈ ನೋಡಿಕೊಂಡರು, ತೋಟದಣ್ಣನ ಹಣೆ ನೋಡಿದರು, ಕೈಯನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗಿಳಿಸಿದರು.

"ಹಾಗಾದ್ರೆ ಮರಾನೇ ಅಲ್ವಾ ಮೇಡಂ?" ಎಂದು ಅಕ್ಕ ಬಾಯಿಬಿಟ್ಟೇ ಕೇಳಿದಳು. "ಗುಂಡಿ ತೋಡಿದ್ದಾಗಿದೆ. ಈಗ್ಲೇ ನೆಟ್ಟುಬಿಡ್ತೀವಿ."

"ಇಲ್ಲೇ? ಈ ಬಿಸಿಲಲ್ಲೇ?" ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು. "ನಿಮಗೇನು ಕರುಣೆ ಇಲ್ವಾ? ಇಂಥಾ ಬಿಸಿಲಲ್ಲಿ ನಿಂತ್ರೆ ಯಾವ ಜೀವ ತಾನೇ ಉಳಿಯುತ್ತೆ? ಇದಕ್ಕೆ ನೆರಳು ಬೇಕು. ನನ್ನ ಚೇಂಬರಿಗೆ ತನ್ನಿ. ಎಸಿ ಪಕ್ಕ ಇಡಿ. ಹುಲ್ಲು ಗೇಟಿನ ಹತ್ರ ಹಾಕಿ."

ಡ್ರಮ್ಮನ್ನು ತೋಟದಣ್ಣನೂ ಡ್ರೈವರನೂ ಹೊತ್ತು ತಂದರು. ಬಾಗಿಲಲ್ಲಿ ಜವಾನ ಅಡ್ಡ ನಿಂತ: "ಕಾಲು ಮಣ್ಣಾಗಿದೆ. ಹೊಸ ಟೈಲ್ಸು." ಡ್ರಮ್ಮು ಒಳಗಿನವರ ಕೈಗೆ ದಾಟಿತು. ಡ್ರಮ್ಮಿನೊಳಗಿನ ಹತ್ತು ಬಾಂಡಲಿ ಮಣ್ಣು ನುಣ್ಣನೆಯ ಟೈಲ್ಸಿನ ಮೇಲೆ ಮೆರವಣಿಗೆ ಹೋಯಿತು. ಎರಡು ಜೊತೆ ಕಾಲಿನ ಮಣ್ಣು ಹೊರಗೇ ಉಳಿಯಿತು.

ಐದೂವರೆಗೆ ಮೂವರೂ ಗೋಡೆಗೊರಗಿ ಮಧ್ಯಾಹ್ನದ ಡಬ್ಬಿ ಬಿಚ್ಚಿದರು. ಬಿಸಿಲು ಎದುರಿನಿಂದ ನೇರ ಮುಖಕ್ಕೇ ಹೊಡೆಯುತ್ತಿತ್ತು. ಮುಂದೆ ಬೆಳ್ಳಿಹುಲ್ಲು ಮಿರಮಿರ ಮಿಂಚುತ್ತಿತ್ತು. ಅದರ ನೆರಳು ಜರಡಿ ಹಿಡಿದಂತೆ ಅನ್ನದ ಮೇಲೆ ಆಡಿತು.

ಮ್ಯಾನೇಜರ್ ಬಂದು ಬಗ್ಗಿದರು. ಕೈ ಇನ್ನೂ ಜೇಬಲ್ಲೇ ಇತ್ತು. "ಕಾಗದ ಅಂತ ಗೊತ್ತಾಯ್ತು ನಂಗೆ. ಮೇಡಂಗೆ ಗೊತ್ತಾದ್ರೆ ಮೊದಲು ನಿನ್ನ ಕೆಲಸ ಹೋಗುತ್ತೆ, ಹಿಂದೇನೇ ನಂದು. ದಿನಾ ಅವರು ಬರೋಕೆ ಮುಂಚೆ ಇಪ್ಪತ್ತಾರು ಹೊಸ ಹೂ ಅರಳಿರಬೇಕು."

"ಸರ್, ಮೇಫ್ಲವರ್ ಬಿಡೋದು ವರ್ಷಕ್ಕೊಂದು ಸಲ."

"ಅದು ಬಿಸಿಲಲ್ಲಿರೋ ಮರಕ್ಕೆ. ಎಸಿ ಮರಕ್ಕಲ್ಲ. ಊಟದ ಬಿಡುವಲ್ಲಿ ಕೂತು ಕತ್ತರಿಸು."

"ಒಳಗೆ ಕೂತ್ಕೋಬಹುದಾ ಸರ್? ಗಾಳಿಗೆ ಕಾಗದ ಹಾರುತ್ತೆ."

"ಅಂಟಿನ ಕೈ ತಗೊಂಡು ಒಳಗಾ?" ಎಂದು ಮ್ಯಾನೇಜರ್ ಹೊರಟೇಹೋದರು.

ತೋಟದಣ್ಣ ಜೇಬಿನಿಂದ ಒಂದು ಹೂ ತೆಗೆದ. ಮೆಟ್ಟಿಲ ಬುಡದಲ್ಲಿ ಬಿದ್ದಿದ್ದನ್ನು ಯಾರೂ ನೋಡದಾಗ ಎತ್ತಿಕೊಂಡಿದ್ದ. ಡಬ್ಬಿಯ ಮುಚ್ಚಳಕ್ಕೆ ನೀರು ಹಾಕಿ ಅದರ ಅಂಚಿಗೆ ನಿಲ್ಲಿಸಿದ. ಚುಕ್ಕೆಯ ಎಸಳು ಬಿಸಿಲಿಗೆ ಬಿಚ್ಚಿಕೊಂಡಿತು. ಮೂವರೂ ತುತ್ತು ನಿಲ್ಲಿಸಿ ಬಗ್ಗಿ ನೋಡಿದರು. ಕೆಳಗೆ ಹೆಬ್ಬೆರಳ ಉಗುರಿನಷ್ಟು ನೆರಳು ಬಿದ್ದಿತ್ತು. ಅನ್ನದ ಅಗುಳು ಹೊತ್ತ ಇರುವೆಯೊಂದು ಅಲ್ಲಿ ಬಂದು, ಅಗುಳು ಇಳಿಸಿ, ನಿಂತಿತು.

"ಸದ್ಯ," ಅಂದಳು ಅಕ್ಕ, ಸೆರಗಿನಿಂದ ಮುಖಕ್ಕೆ ಬಿಸಿಲು ಮರೆ ಮಾಡಿಕೊಳ್ಳುತ್ತ. "ನಮ್ಮಲ್ಲಿ ಒಬ್ಬರಿಗಾದ್ರೂ ಊಟಕ್ಕೆ ಜಾಗ ಸಿಕ್ತಲ್ಲ!"