ಅತ್ತೆಯವರ ಓಟು ಮತ್ತು ನಮ್ಮ ಸೇಫ್ ಸೀಟು

ಮೇಷ್ಟ್ರುಗಳಿಗೆ ಒಂದು ಅನುಕೂಲವಿದೆ. ತಮಗೇ ಅರ್ಥವಾಗದ್ದನ್ನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದುಬಿಟ್ಟರೆ ಪಾಠ ಮುಗಿದಂತೆ. ಮೂಡಿಗೆರೆಯ ಖಾಸಗಿ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಲೋಕಸಭೆಯನ್ನೂ ರಾಜ್ಯಸಭೆಯನ್ನೂ ವರ್ಷಗಟ್ಟಲೆ ಹೀಗೆಯೇ ದಾಟಿಸಿಕೊಂಡು ಬಂದಿದ್ದೇನೆ. ಮನೆಯಲ್ಲಿ ಮಾತ್ರ ಬೋರ್ಡಿಲ್ಲ. ಅಲ್ಲಿರುವುದು ಅತ್ತೆ. ಬಾಳೂರಿನಲ್ಲಿ ಹೆಂಡತಿಯ ತವರಿನಲ್ಲೇ ನಮ್ಮ ವಾಸ. ಮನೆ ಅಳಿಯನ ಮಾತನ್ನು ಅಲ್ಲಿ ಎಲ್ಲರೂ ಮರ್ಯಾದೆಯಿಂದ ಕೇಳುತ್ತಾರೆ. ಕೇಳಿ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಕಳೆದ ಲೋಕಸಭಾ ಚುನಾವಣೆಯ ಹೊತ್ತು. ಕಾಫಿ ಹೂವು ಅರಳಿ ತೋಟವೆಲ್ಲ ಬೆಳ್ಳಗಾಗಿತ್ತು. ಬೆಳಗಿನ ತಿಂಡಿಗೆ ಕೂತಾಗ ಅತ್ತೆ, "ಈ ಸಲ ನಾನು ಓಟಿಗೆ ಬರಲ್ಲ" ಅಂದರು. ಕಾಲು ಮುರಿದಿದ್ದಾಗಲೂ ಕುರ್ಚಿಯಲ್ಲಿ ಹೊರಿಸಿಕೊಂಡು ಹೋಗಿ ಓಟು ಹಾಕಿ ಬಂದವರು ಅವರು. ನನ್ನ ಹೆಂಡತಿ ಸುಮಿತ್ರಾ ದೋಸೆ ಮಗುಚುವುದನ್ನು ಬಿಟ್ಟು, "ಯಾಕಮ್ಮ?" ಎಂದು ಕೇಳಿದಳು.

"ಒಬ್ಬರೂ ಕೇಳ್ಳಿಕ್ಕೆ ಬರ್ಲಿಲ್ಲ. ಕರೀದೆ ಮದುವೆ ಮನೆಗೆ ಹೋಗ್ಲಿಕ್ಕೆ ಆಗ್ತದಾ?"

ನಾನು ಸುಮ್ಮನಿರಬೇಕಿತ್ತು. "ಅತ್ತೆ, ನಮ್ಮದು ಸೇಫ್ ಸೀಟು. ಯಾರು ಗೆಲ್ತಾರೆ ಅಂತ ಮೊದ್ಲೇ ಗೊತ್ತಿರ್ತದೆ. ಅದಕ್ಕೆ ಗೆಲ್ಲೋರೂ ಬರಲ್ಲ, ಸೋಲೋರೂ ಬರಲ್ಲ. ಬಿಗಿ ಪೈಪೋಟಿ ಇರೋ ಕಡೆ ಆದ್ರೆ ಮನೆಮನೆಗೂ ಬರ್ತಾರೆ" ಎಂದು ಪಾಠ ಶುರುಮಾಡಿದೆ.

"ಸೇಫ್ ಅಂದ್ರೆ ಯಾರಿಗೆ?"

"ಗೆಲ್ಲೋರಿಗೆ."

"ಅಂದ್ರೆ ನಂಬಿ ಓಟು ಹಾಕೋರ ಮನೆಗೆ ಬರಲ್ಲ, ಅತ್ತಿತ್ತ ಓಲಾಡೋರ ಮನೆಗೆ ಓಡ್ತಾರೆ. ಹೌದಾ ಅಳಿಯಂದ್ರೇ?"

ಒಂದು ಓಟಿನಿಂದ ಇಲ್ಲಿ ಏನೂ ಬದಲಾಗುವುದಿಲ್ಲ ಎಂದೆ. ಹಾಗಾದರೆ ತಾನು ಹೋಗದಿದ್ದರೂ ನಡೆಯುತ್ತದೆ ಎಂದರು. ಎಲ್ಲರೂ ಹಾಗೇ ಅಂದುಕೊಂಡರೆ ಸೀಟು ಸೇಫಾಗಿ ಉಳಿಯುವುದಿಲ್ಲ ಎಂದೆ. ಆಗ ಓಟು ಕೇಳಲು ಬರುತ್ತಾರಲ್ಲ, ಅದೇ ಒಳ್ಳೆಯದು ಎಂದರು. ಬಂದರೆ ಎಲ್ಲರೂ ಓಟು ಹಾಕುತ್ತಾರೆ, ಸೀಟು ಮತ್ತೆ ಸೇಫಾಗುತ್ತದೆ ಎನ್ನುವಷ್ಟರಲ್ಲಿ ನಾನು ಯಾವ ಪಕ್ಷ ವಹಿಸಿ ವಾದಿಸುತ್ತಿದ್ದೇನೆಂಬುದೇ ಮರೆತುಹೋಯಿತು, ಬಸ್ಸೂ ತಪ್ಪಿತು.

"ಅಮ್ಮನ್ನ ಕೆಡಿಸಿದ್ದು ನೀವು, ನೀವೇ ಸರಿಮಾಡಿ" ಎಂದಳು ಸುಮಿತ್ರಾ.

ಗೆಲ್ಲುವ ಪಕ್ಷದ ಕೆಲಸ ನೋಡಿಕೊಳ್ಳುವವನು ಜೀಪು ಓಡಿಸುವ ಶೇಖರ. "ಒಂದ್ಸಲ ಬಂದು ಅತ್ತೆ ಹತ್ರ ಓಟು ಕೇಳಿ ಹೋಗು ಮಾರಾಯ" ಎಂದೆ. ಅವನು ನಕ್ಕು, "ನಿಮ್ಮನೆ ಅಂದ್ರೆ ನಮ್ಮದೇ ಅಲ್ವಾ ಸಾರ್? ನಮ್ಮನೆಗೆ ನಾವೇ ಹೋಗಿ ಎಂಥ ಕೇಳೋದು?" ಎಂದ. ಸೋಲುವ ಪಕ್ಷದವನು ಹೋಟೆಲಿನ ಲೋಕೇಶ. "ಸುಮ್ನೆ ಯಾಕೆ ಗುಡ್ಡ ಹತ್ತಿಸ್ತೀರಿ ಸಾರ್" ಎಂದು ಗೊಣಗಿದರೂ ಸಂಜೆ ನನ್ನ ಮುಖ ನೋಡಿ ಬಂದ. ಅವನ ಬೈಕು ನಮ್ಮ ಗೇಟಿನಲ್ಲಿ ನಿಂತದ್ದನ್ನು ಯಾರೋ ಶೇಖರನಿಗೆ ಹೇಳಿದರು. ಅವನು ಜೀಪಿನ ತುಂಬ ಜನ ತುಂಬಿಕೊಂಡು ಬಂದ. ಮರುದಿನ ಲೋಕೇಶ ತನ್ನ ಪಕ್ಷದ ತಾಲ್ಲೂಕು ಮುಖಂಡರನ್ನೇ ಕರೆತಂದ. ನಮ್ಮ ಮನೆ ಯಾವ ಕಡೆಗೆ ವಾಲುತ್ತದೋ ಹೇಳುವಂತಿಲ್ಲ ಎಂದು ಊರೆಲ್ಲ ಸುದ್ದಿಯಾಯಿತು.

ಅತ್ತೆ ಎಲ್ಲರಿಗೂ ಕಾಫಿ ಕೊಟ್ಟರು. ಎಲ್ಲರಿಗೂ ಒಂದೇ ಮಾತು: "ಸಂಜೆ ಬಸ್ಸು ನಿಲ್ಸಿಬಿಟ್ರಿ. ನಮ್ಮ ಅಳಿಯಂದ್ರು ಜೀಪಲ್ಲಿ ನೇತಾಡ್ಕೊಂಡು ಬರ್ತಾರೆ. ಮೊದ್ಲು ಅದು ನೋಡಿ. ಓಟಿಂದು ಆಮೇಲೆ ನೋಡುವ." ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅವರು ನನ್ನನ್ನು ಗಮನಿಸುತ್ತಾರೆಂದೇ ನಾನು ತಿಳಿದಿರಲಿಲ್ಲ.

ಮತದಾನದ ದಿನ ಅತ್ತೆ ರೇಷ್ಮೆ ಸೀರೆ ಉಟ್ಟು ಎಲ್ಲರಿಗಿಂತ ಮುಂಚೆ ಹೊರಟರು. ಹಾಕಿ ಬಂದ ಮೇಲೆ, "ಯಾರಿಗೆ ಹಾಕಿದ್ರಿ ಅತ್ತೆ?" ಎಂದು ಮೆಲ್ಲಗೆ ಕೇಳಿದೆ.

"ಅದನ್ನ ಹೇಳಿದ್ರೆ ನಾನೂ ಸೇಫಾಗಿಬಿಡ್ತೀನಲ್ಲ" ಎಂದು ಸೆರಗು ಸರಿಪಡಿಸಿಕೊಂಡರು.

ಇಷ್ಟೆಲ್ಲದರ ನಡುವೆ ನನ್ನ ಓಟನ್ನು ಮಾತ್ರ ಯಾರೂ ಕೇಳಿರಲಿಲ್ಲ. ಬೂತಿನಾಚೆ ಸಿಕ್ಕ ಶೇಖರನಲ್ಲಿ ಆ ಬೇಸರ ತೋಡಿಕೊಂಡರೆ, "ನಿಮ್ದು ಬಿಡಿ ಸಾರ್, ಅದು ನಮ್ದೇ" ಎಂದ. ತುಸು ಮುಂದೆ ಲೋಕೇಶ ನನ್ನ ಕೈ ಹಿಡಿದು, "ನೀವು ನಮ್ಮೋರು ಅಂತ ಅವತ್ತೇ ಗೊತ್ತಾಯ್ತು ಸಾರ್" ಎಂದ. ಇಬ್ಬರಿಗೂ ತಲೆಯಾಡಿಸಿದೆ. ಒಳಗೆ ಯಂತ್ರದ ಮುಂದೆ ನಾನು ನಿಂತೇ ಇದ್ದುದನ್ನು ಕಂಡು ಅಧಿಕಾರಿಯೊಬ್ಬರು, "ಬಟನ್ ಒತ್ತೋದು ಗೊತ್ತಾಗ್ಲಿಲ್ವಾ, ಹೇಳಿಕೊಡ್ಲಾ?" ಎಂದು ಕೇಳಿದರು. ಹಿಂದಿದ್ದ ನನ್ನ ಹಳೇ ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ಗಡಿಬಿಡಿಯಲ್ಲಿ ಯಾವುದೋ ಒಂದನ್ನು ಒತ್ತಿ ಬಂದೆ.

ಫಲಿತಾಂಶದಲ್ಲಿ ಗೆಲ್ಲುವವರೇ ಗೆದ್ದರು. "ನಿಮ್ಮ ಓಟು ವೇಸ್ಟಾಗ್ಲಿಲ್ಲ ಸಾರ್" ಎಂದು ಶೇಖರ ಲಾಡು ಕೊಟ್ಟ. ಲೋಕೇಶ ಟೀಗೆ ದುಡ್ಡು ತೆಗೆದುಕೊಳ್ಳದೆ, "ಸೋಲೋದು ಗೊತ್ತಿದ್ದೂ ಹಾಕಿದ್ರಲ್ಲ ಸಾರ್" ಎಂದು ಕಣ್ಣು ಒದ್ದೆ ಮಾಡಿಕೊಂಡ. ನಾನು ಯಾರಿಗೆ ಓಟು ಹಾಕಿದೆನೆಂದು ಅವರಿಬ್ಬರಿಗೂ ಖಚಿತವಾಗಿ ಗೊತ್ತಿದೆ. ಅನುಮಾನವಿರುವುದು ನನಗೊಬ್ಬನಿಗೇ.