ಹೆಜ್ಜೇನಿನ ಬಂಡೆಯ ಕೆಳಗೊಂದು ಐಷಾರಾಮಿ ಕೋಣೆ

ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಎಲ್ಲ ಕೆಡಲು ಶುರುವಾಯಿತು. ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೀರಿ ಎಂದರೆ, ಆ ಕೋಣೆಯ ಗೋಡೆಯೊಳಗಿಂದ ಅಂಕಿಗಳು ಮಾತ್ರ ಬೆಳಗುವ ಒಂದು ಗಡಿಯಾರವಿತ್ತು, ನಾನು ಅದನ್ನು ಮೆಚ್ಚಿಕೊಂಡು ನೋಡುತ್ತ ನಿಂತಿದ್ದೆ. ಹೋಟೆಲಿನಲ್ಲಿ ಏನನ್ನು ಕಂಡರೂ ಮೆಚ್ಚುವುದು ನನಗೆ ಬಹಳ ವರ್ಷಗಳಿಂದ ಅಂಟಿಕೊಂಡ ಕಾಯಿಲೆ. ಹೆಂಡತಿ ಹೊರಗೆ ಪ್ರಾಣ ಹೋಗುವಂತೆ ಕೂಗಿಕೊಳ್ಳುವಾಗಲೂ ಮೆಚ್ಚಬಹುದೇ ಎಂದು ನೀವು ಕೇಳುವುದಕ್ಕೆ ಮುಂಚೆಯೇ ಹೇಳಿಬಿಡುತ್ತೇನೆ: ಅವಳು ಕೂಗಿದ್ದು ಐದು ನಲವತ್ತೊಂದಕ್ಕೆ.

ನಾನು ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ನಮ್ಮಲ್ಲಿಗೆ ಬರುವ ಪ್ರವಾಸದ ಪತ್ರಿಕೆಗಳನ್ನು ಯಾರೂ ಮುಟ್ಟುವುದಿಲ್ಲವಾದ್ದರಿಂದ ಅವು ದೂಳು ಹಿಡಿಯದಿರಲೆಂದು ನಾನೇ ಓದುತ್ತೇನೆ. ಓದಿ ಓದಿ ಜಗತ್ತಿನ ಹೋಟೆಲುಗಳ ಮೇಲೆ ನನಗೆ ಪ್ರೀತಿ ಹುಟ್ಟಿತು. ಉತ್ತರ ಧ್ರುವದ ಕಡೆ ಮಂಚವೂ ಮಂಜುಗಡ್ಡೆಯದೇ ಆಗಿರುವ ಒಂದು ಹೋಟೆಲಿದೆ, ಬೇಸಿಗೆ ಬಂದರೆ ಇಡೀ ಹೋಟೆಲೇ ಕರಗಿ ನದಿಗೆ ಹೋಗುತ್ತದೆ, ಮುಂದಿನ ಚಳಿಗಾಲಕ್ಕೆ ಮತ್ತೆ ಕಟ್ಟುತ್ತಾರೆ. ಆಫ್ರಿಕದಲ್ಲೊಂದು ಕಡೆ ತಿಂಡಿ ತಿನ್ನುವಾಗ ಜಿರಾಫೆ ಕಿಟಕಿಯೊಳಗೆ ಕತ್ತು ಹಾಕಿ ನಿಮ್ಮ ತಟ್ಟೆ ನೋಡುತ್ತದೆ. ಜಪಾನಿನ ಹಳೆಯ ವಸತಿಗೃಹಗಳಲ್ಲಿ ನೀವು ಬಿಟ್ಟ ಚಪ್ಪಲಿಯನ್ನು ಹೊರಡುವ ದಿಕ್ಕಿಗೆ ತಿರುಗಿಸಿ ಇಟ್ಟಿರುತ್ತಾರೆ. ಈ ಚಪ್ಪಲಿಯ ವಿಷಯ ಓದಿದ ದಿನ ನನಗೆ ಕಣ್ಣು ತೇವವಾಯಿತು. ನಮ್ಮ ಕಾಲೇಜಿನಲ್ಲಿ ಚಪ್ಪಲಿ ಬಿಟ್ಟ ಕಡೆ ಸಿಕ್ಕಿದರೇ ಪುಣ್ಯ. ಇಂಥ ನೂರಾರು ಹೋಟೆಲುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ನಕ್ಷತ್ರ ಕೊಡುವುದೂ ನಾನೇ. ಅವುಗಳಲ್ಲಿ ಒಂದರಲ್ಲೂ ಒಂದು ಲೋಟ ನೀರು ಕುಡಿದವನಲ್ಲ.

ನನ್ನ ಹೆಂಡತಿ ನಾಗರತ್ನ ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯವಳು. ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಅವಳು, "ಓದಿದ್ದು ಸಾಕು ಕಣ್ರೀ, ಒಂದ್ ರಾತ್ರಿನಾದ್ರೂ ಇಂಥಾದ್ರಲ್ಲಿ ಮಲಗೆದ್ದು ಬರಾನ" ಎಂದಳು. ರಾಮನಗರದ ಬಂಡೆಗಳ ನಡುವೆ ಹೊಸದಾಗಿ ಒಂದು ರೆಸಾರ್ಟ್ ಆಗಿತ್ತು. ಚನ್ನಪಟ್ಟಣದಿಂದ ಬಸ್ಸಿನಲ್ಲಿ ಅರ್ಧ ಗಂಟೆ. ವಿಶ್ವದ ಹೋಟೆಲುಗಳನ್ನೆಲ್ಲ ಬಲ್ಲವನ ವಿಶ್ವಪರ್ಯಟನೆ ಅಷ್ಟೇ ದೂರದ್ದು.

ಆದರೆ ಆ ಜಾಗ ನನ್ನ ನೋಟುಬುಕ್ಕಿನ ಹೋಟೆಲುಗಳಿಗಿಂತ ಯಾವ ರೀತಿಯಲ್ಲೂ ಕಡಿಮೆಯಿರಲಿಲ್ಲ, ಇದನ್ನು ಈಗಲೂ ಹೇಳುತ್ತೇನೆ. ಮಂಚದ ಕಾಲುಗಳು ನಮ್ಮೂರಿನ ಗೊಂಬೆ ಮಾಡುವವರು ಕಡೆದು ಅರಗು ಹಚ್ಚಿದವು. ಪರದೆಗಳು ರಾಮನಗರದ ರೇಷ್ಮೆ. ಸ್ನಾನದ ತೊಟ್ಟಿಯನ್ನು ಇಡೀ ಒಂದು ಬಂಡೆಯಲ್ಲಿ ಕೊರೆದಿದ್ದರು. ನಾನು ಅದರ ಅಂಚನ್ನು ಸವರಿ "ಅದ್ಭುತ" ಎಂದೆ. ನಾಗರತ್ನ ನೋಡಿ, "ನಮ್ಮೂರಲ್ಲೂ ಐತೆ, ದನ ನೀರ್ ಕುಡಿಯಕ್ಕೆ" ಎಂದಳು. ಎಲ್ಲಕ್ಕಿಂತ ನನ್ನನ್ನು ಸೋಲಿಸಿದ್ದು ಜಗುಲಿಗೆ ತೆರೆಯುವ ಗಾಜಿನ ಬಾಗಿಲು. ಬೆರಳು ತಾಗಿಸಿದರೆ ಸಾಕು, ಸದ್ದಿಲ್ಲದೆ ಸರಿದು ಮುಚ್ಚಿಕೊಂಡು, ತಾನೇ ಚಿಲಕ ಹಾಕಿಕೊಳ್ಳುತ್ತಿತ್ತು. ಆಚೆ ಕಲ್ಲಿನ ಜಗುಲಿ, ಅದರ ಮೇಲೆ ಕೊಡೆಯಂತೆ ಬಾಗಿದ ಹೆಬ್ಬಂಡೆ, ಬಂಡೆಯ ಹೊಟ್ಟೆಗೆ ನೇತುಬಿದ್ದ ನಾಲ್ಕು ಹೆಜ್ಜೇನಿನ ಹುಟ್ಟುಗಳು.

ನಮ್ಮನ್ನು ಕೋಣೆಗೆ ಕರೆತಂದವರು ಮುಖ್ತಾರ್ ಸಾಹೇಬರು. ಅರವತ್ತರ ಹತ್ತಿರದವರು, ಅಲ್ಲಿನ ಮೇಲ್ವಿಚಾರಕರು. ಅದಕ್ಕೆ ಮುಂಚೆ ಮೂವತ್ತು ವರ್ಷ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡಿದವರು. ಅವರು ಮೇಲೆ ಕೈ ತೋರಿಸಿ, "ಅವು ನಮ್ಗಿಂತ ಹಳೇ ಗಿರಾಕಿಗಳು ಸಾ. ಓಟ್ಲು ಕಟ್ಟಕ್ ಮುಂಚಿಂದ್ಲೂ ಅವೆ. ಅವುಕ್ಕೆ ಹೊಗೆ ಒಂದು ಆಗಲ್ಲ, ಒಸಿ ನೋಡ್ಕಳಿ" ಎಂದರು. ನಾನು ಗಂಭೀರವಾಗಿ, "ನಾನು ಸಿಗರೇಟು ಮುಟ್ಟುವುದಿಲ್ಲ" ಎಂದೆ. ಅವರಿಗೂ ಸಮಾಧಾನವಾಯಿತು, ನನಗೂ ಒಂದು ಹೆಮ್ಮೆಯಾಯಿತು.

ಐದೂವರೆಗೆ ನಾಗರತ್ನ ಚೀಲದಿಂದ ಸಾಂಬ್ರಾಣಿ ತೆಗೆದಳು. ಅವಳ ತವರಿನಲ್ಲಿ ಹೊಸ ಜಾಗದಲ್ಲಿ ಮಲಗುವ ಮೊದಲು ಧೂಪ ಹಾಕದೆ ಮಲಗಿದವರಿಲ್ಲ. "ಯಾರ್ಯಾರು ಮಲಗೆದ್ದಿರೋ ಹಾಸ್ಗೆನೋ ಏನೋ" ಎಂದಳು. ಇಲ್ಲಿ ನನ್ನ ವಿದ್ಯೆ ಕೆಲಸಕ್ಕೆ ಬಂತು. "ಒಳಗೆ ಬೇಡ. ಇಂಥ ಹೋಟೆಲುಗಳ ಚಾವಣಿಯಲ್ಲಿ ಹೊಗೆ ಕಂಡುಹಿಡಿಯುವ ಯಂತ್ರ ಇರುತ್ತದೆ. ಘಂಟೆ ಬಾರಿಸುತ್ತದೆ, ಮೇಲಿಂದ ನೀರೂ ಸುರಿಯುತ್ತದೆ. ಜಗುಲಿಯಲ್ಲಿ ಹಚ್ಚು" ಎಂದು ನಾನೇ ಅವಳನ್ನು ಹೊರಗೆ ಕಳಿಸಿದೆ. ನಂಬಿ, ಮುಖ್ತಾರ್ ಸಾಹೇಬರ ಮಾತು ನಮ್ಮಿಬ್ಬರಲ್ಲಿ ಯಾರಿಗೂ ನೆನಪಾಗಲಿಲ್ಲ. ಧೂಪವನ್ನು ಹೊಗೆ ಎಂದುಕೊಳ್ಳುವುದು ನಮಗೆ ಹುಟ್ಟಿನಿಂದ ಅಭ್ಯಾಸವಿಲ್ಲ. ಹೊಗೆ ಬರುವುದು ಒಲೆಯಿಂದ, ಲಾರಿಯಿಂದ. ಸಾಂಬ್ರಾಣಿಯಿಂದ ಬರುವುದು ದೇವರ ಕೆಲಸ.

ಆ ದೇವರ ಕೆಲಸ ನೆಟ್ಟಗೆ ಮೇಲೇರಿ ಬಂಡೆಯ ಹೊಟ್ಟೆಗೆ ತಗುಲಿತು. ನಾನು ಬಾಗಿಲ ಹೊಸ್ತಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ. ದೂರದಲ್ಲಿ ರೈಲು ಬಂದಂತೆ ಒಂದು ಸದ್ದು. ತಿರುಗಿದರೆ ಮೇಲಿನ ಹುಟ್ಟೊಂದು ಕಪ್ಪು ಕಂಬಳಿ ಜಾರಿದಂತೆ ಕೆಳಗೆ ಬರುತ್ತಿತ್ತು. ಒಂದು ಜೇನು ನನ್ನ ಕಿವಿಗೆ ಕುಟುಕಿತು. ಮುಂದಿನದನ್ನು ನಾನು ಮಾಡಿದೆ ಎನ್ನಲು ನಾಲಗೆ ಬರುವುದಿಲ್ಲ, ನನ್ನ ಕೈ ಮಾಡಿತು. ಬಾಗಿಲು ಸದ್ದಿಲ್ಲದೆ ಸರಿಯಿತು, ಚಿಲಕ ಹಾಕಿಕೊಂಡಿತು. ನಾನು ಒಳಗೆ, ನಾಗರತ್ನ ಹೊರಗೆ.

ಆ ಚಿಲಕ ತೆಗೆಯಲು ಕೆಳಗಿನ ಗುಂಡಿ ಒತ್ತಿ ಹಿಡಿ ಮೇಲೆತ್ತಬೇಕಂತೆ, ಅದು ನನಗೆ ಗೊತ್ತಿರಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದು ಸುಳ್ಳಲ್ಲ. ಆದರೆ ಮೊದಲ ಒಂದು ನಿಮಿಷ ನಾನು ಚಿಲಕವನ್ನು ಮುಟ್ಟಲೇ ಇಲ್ಲ ಎಂಬುದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಅವಳು ಗಾಜಿಗೆ ಎರಡೂ ಕೈ ಬಡಿದು, "ರೀ, ಬಾಗ್ಲು! ಬಾಗ್ಲು ತೆಗೀರೀ!" ಎನ್ನುತ್ತಿದ್ದಳು. ನಾನು ಮೂರಡಿ ದೂರದಲ್ಲಿ ನಿಂತಿದ್ದೆ.

ಅಷ್ಟರಲ್ಲಿ ತೋಟದ ಕಡೆಯಿಂದ ಒಂದು ಬಿಳಿ ರಾಶಿ ಬಂತು. ಮುಖ್ತಾರ್ ಸಾಹೇಬರು ರೆಸಾರ್ಟಿನ ದಪ್ಪ ರಜಾಯಿಯೊಂದನ್ನು ಈಜುಕೊಳದಲ್ಲಿ ಅದ್ದಿ ತಲೆ ಮೇಲೆ ಹೊದ್ದು ಬಂದಿದ್ದರು. ಓಡಲಿಲ್ಲ, ನಡೆದೇ ಬಂದರು. ಸಾಂಬ್ರಾಣಿಯನ್ನು ಒದ್ದೆ ಕಾಲಲ್ಲಿ ತುಳಿದು ಆರಿಸಿ, ನಾಗರತ್ನಳನ್ನು ರಜಾಯಿಯೊಳಕ್ಕೆ ಎಳೆದುಕೊಂಡು, ಗೋಡೆಯ ಮೂಲೆಯಲ್ಲಿ ಕುಳಿತುಬಿಟ್ಟರು. ಗಾಜಿನ ಮೂಲಕ ಅವರ ದನಿ ನನಗೆ ಕೇಳಿಸುತ್ತಿತ್ತು. "ಅಮ್ಮಾ, ಅಲ್ಲಾಡ್ಬ್ಯಾಡಿ. ಉಸ್ರು ನಿಧಾನಕ್ಕೆ ಬುಡಿ. ಯಾವೂರು ನಿಮ್ದು? ದೊಡ್ಡಾಲಳ್ಳಿನಾ? ನಾನ್ ಗೂಡು ತಗಳಕ್ಕೆ ಬತ್ತಿದ್ದೆ ಅಲ್ಲಿಗೆ. ರೇಷ್ಮೆ ಗೂಡೊಳಗೆ ಹುಳ ಹೆಂಗ್ ಕುಂತಿರ್ತದೆ? ಹಂಗೇ ಕುಂತ್ಕಳಿ." ರಜಾಯಿ ಅವರ ಬಲಗೈಗೂ ಮುಖದ ಒಂದು ಕಡೆಗೂ ಸಾಲಲಿಲ್ಲ. ಸಾಲದ ಜಾಗವನ್ನು ಜೇನಿಗೆ ಬಿಟ್ಟು, ಕತ್ತಲಾಗಿ ಜೇನು ಬಂಡೆಗೆ ಹಿಂದಿರುಗುವವರೆಗೆ ಹಾಗೇ ಕುಳಿತರು. ಜಗತ್ತಿನ ಯಾವ ಹೋಟೆಲಿನ ಉಪಚಾರವನ್ನು ಓದಿದಾಗಲೂ ನಾನು ಇಷ್ಟು ಮೆಚ್ಚಿದ್ದಿಲ್ಲ, ಇಷ್ಟು ನಾಚಿದ್ದೂ ಇಲ್ಲ.

ನಾಗರತ್ನಳಿಗೆ ಹದಿನಾಲ್ಕು ಮುಳ್ಳು, ಎರಡು ದಿನ ಆಸ್ಪತ್ರೆ. ಮುಖ್ತಾರ್ ಸಾಹೇಬರಿಗೆ ಎಷ್ಟೆಂದು ನರ್ಸು ಎಣಿಸುವುದನ್ನು ನಿಲ್ಲಿಸಿದರು. ಅವರು ಐದು ದಿನ ಇರಬೇಕಾಯಿತು, ಬಲಗಣ್ಣು ಮುಚ್ಚಿಯೇ ಹೋಗಿತ್ತು. ನನಗೆ ಒಂದು, ಕಿವಿಗೆ.

ಮನೆಗೆ ಬಂದಮೇಲೆ ನನ್ನ ನಿದ್ದೆ ಹೋಯಿತು. ಫ್ರಿಜ್ಜು ಗುಂಯ್ ಎಂದರೆ ಏಳುತ್ತಿದ್ದೆ. ಅದನ್ನು ಆರಿಸಿ ಮಲಗಿದ್ದಕ್ಕೆ ಮೂರು ದಿನ ಹಾಲು ಒಡೆಯಿತು. ಲೈಬ್ರರಿಯಲ್ಲಿ ಫ್ಯಾನು ತಿರುಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ವಿದ್ಯಾರ್ಥಿಗಳು ನನ್ನ ಏಕಾಗ್ರತೆಗೆ ಗೌರವ ಕೊಟ್ಟು ಮೆಲ್ಲಗೆ ಮಾತಾಡತೊಡಗಿದರು, ಇಪ್ಪತ್ತು ವರ್ಷ ಕೂಗಿದರೂ ಆಗದಿದ್ದದ್ದು ಅದು. ಆದರೆ ನಿದ್ದೆಗೆಡಿಸುತ್ತಿದ್ದದ್ದು ಜೇನಲ್ಲ. ನಾಗರತ್ನ ಬಾಗಿಲ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ನೋಡಲು ಬಂದ ನೆಂಟರಿಗೆಲ್ಲ, "ಇವ್ರು ಒಳಗಿದ್ರು, ಸದ್ಯ" ಎಂದಷ್ಟೇ ಹೇಳುತ್ತಿದ್ದಳು. ಆ "ಸದ್ಯ" ಎಂಬುದರಲ್ಲಿ ಏನೇನಿದೆಯೋ ನನಗೆ ತಿಳಿಯದು. ಉಪ್ಪು ಹೆಚ್ಚಾದ ಸಾರಿಗೂ ನನ್ನನ್ನೇ ಬೈಯುವವಳು ಇದಕ್ಕೆ ಬೈಯದಿದ್ದರೆ, ಒಳಗೇ ನನ್ನ ಹೆಸರನ್ನು ಹೊಡೆದುಹಾಕಿದ್ದಾಳೆ ಎಂದೇ ಅರ್ಥವಲ್ಲವೇ? ಇಪ್ಪತ್ತೈದು ವರ್ಷದ ಸಂಸಾರ ಒಂದು ಗಾಜಿನ ಆಚೆಗೆ ನಿಂತಂತಿತ್ತು.

ಮೂರನೇ ವಾರ ಮುಖ್ತಾರ್ ಸಾಹೇಬರನ್ನು ನೋಡಲು ರಾಮನಗರದ ಅವರ ಮನೆಗೆ ಹೋದೆವು. ನಾಗರತ್ನ ಒಂದು ಡಬ್ಬ ನಿಪ್ಪಟ್ಟು ಒಯ್ದಿದ್ದಳು. ಅವರ ಕಣ್ಣು ತೆರೆದಿತ್ತು, ಕೈ ಮಾತ್ರ ಇನ್ನೂ ದಪ್ಪ. ಟೀ ಕುಡಿಯುತ್ತಿದ್ದಂತೆ ನನಗೆ ತಡೆಯಲಾಗದೆ ಹೇಳಿಬಿಟ್ಟೆ: "ಬಾಗಿಲು ಹಾಕಿದ್ದು ನಾನೇ. ಚಿಲಕ ಆಮೇಲಿನ ಮಾತು. ನಾನು ಹೆದರಿ ಹಾಕಿದೆ."

ಮುಖ್ತಾರ್ ಸಾಹೇಬರು ನಿಪ್ಪಟ್ಟು ಮುರಿದರು. "ಹಾಕಿದ್ದೇ ಒಳ್ಳೇದಾಯ್ತು ಬುಡಿ ಸಾ. ತೆಗೆದಿದ್ರೆ ರೂಮ್ ತುಂಬ್ಕೊಂಡು ಇಬ್ರುನ್ನೂ ಮುಗ್ಸಿರವು. ನಾನ್ ಒಂದು ರಜಾಯಿ ತಂದಿದ್ದು, ಎಲ್ಡ್ ತಂದಿರ್ಲಿಲ್ಲ."

"ಇವ್ರು ಹಂಗೆಲ್ಲ ಲೆಕ್ಕ ಹಾಕಿ ಹಾಕ್ಲಿಲ್ಲ ಸಾಬ್ರೇ" ಎಂದಳು ನಾಗರತ್ನ. ನನ್ನ ಕಡೆ ತಿರುಗಿದಳು. "ನಂಗೇನ್ ಕಣ್ಣಿರ್ಲಿಲ್ವಾ? ಗಾಜು ಕಣ್ರೀ ಅದು. ನಿಮ್ ಕೈಯೂ ಕಾಣ್ತಿತ್ತು, ಮುಖಾನೂ ಕಾಣ್ತಿತ್ತು."

"ಮತ್ತೆ ಯಾಕೆ ಏನೂ ಅನ್ನಲಿಲ್ಲ?"

"ನೀವೇ ಹೇಳ್ತೀರಾ ಅಂತ ಕಾದೆ. ಮೂರ್ ವಾರ ಹಿಡೀತು. ಇನ್ನೊಂದ್ ವಾರ ಆಗಿದ್ರೆ ತವರಿಗೆ ಹೋಗವ್ಳಿದ್ದೆ, ಸತ್ಯವಾಗ್ಲೂ." ಅವಳು ನಗುತ್ತಿರಲಿಲ್ಲ. "ಹೆದ್ರಿಕೆ ಯಾರ್ಗಿಲ್ಲ? ಸುಮ್ನಿದ್ರಲ್ಲ, ಅದು ಕಚ್ತು ನಂಗೆ" ಎಂದು ನನ್ನ ಖಾಲಿ ಲೋಟವನ್ನು ತೆಗೆದು ತಟ್ಟೆಯಲ್ಲಿಟ್ಟಳು. ಮುಖ್ತಾರ್ ಸಾಹೇಬರು ಇದ್ದಕ್ಕಿದ್ದಂತೆ ಕಿಟಕಿಯಾಚೆಯ ಬೀದಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅತಿಥಿಗಳ ಮರ್ಯಾದೆ ಕಾಯುವುದು ಅವರಿಗೆ ಯಾರೂ ಕಲಿಸಿಕೊಟ್ಟ ವಿದ್ಯೆಯಲ್ಲ.

ಅವತ್ತು ಬುಧವಾರ. ಮನೆಗೆ ಬಂದು ಉಂಡು ಮಲಗುವ ಹೊತ್ತಿಗೆ ನಾಗರತ್ನ ತನ್ನ ದಿಂಬನ್ನು ಗೋಡೆಯ ಕಡೆಯಿಂದ ಎತ್ತಿ, ಇಪ್ಪತ್ತೈದು ವರ್ಷ ನಾನು ಮಲಗಿದ ಕಡೆಗೆ ಹಾಕಿಕೊಂಡಳು. "ಆ ಕಡೆ ಸರ್ಕಳಿ. ಬಾಗ್ಲು ಕಡೆ ಇನ್ಮೇಲೆ ನಾನ್ ಮಲಗ್ತೀನಿ" ಎಂದಳು. ನಾನು ಎದುರಾಡದೆ ಗೋಡೆಗೆ ಸರಿದೆ. ಗಂಡಸಾದವನಿಗೆ ಅವಮಾನವಾಗಬೇಕಿತ್ತು, ಆಗುವಷ್ಟರಲ್ಲಿ ನಿದ್ದೆ ಬಂದುಬಿಟ್ಟಿತು. ಎಚ್ಚರವಾದಾಗ ಗುರುವಾರ ಬೆಳಿಗ್ಗೆ ಏಳು ಗಂಟೆ.