ನಮ್ಮ ಮಾವನ ವಿಳಾಸ ರಿಪೇರಿ

ಕೊನೆಯ ಸ್ಟೇಷನ್ನಿನಲ್ಲೂ ಇಳಿಯಲು ಮರೆಯುವ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ. ಮಧ್ಯದ ಸ್ಟೇಷನ್ನು ತಪ್ಪಿಹೋಗುವುದು ಯಾರಿಗಾದರೂ ಆಗುವಂಥದ್ದು. ನಿದ್ದೆ ಬರುತ್ತದೆ, ಫೋನ್ ಬರುತ್ತದೆ. ಮಾರಿಕುಪ್ಪಂ ಹಾಗಲ್ಲ. ಅಲ್ಲಿಗೆ ಹಳಿಯೇ ಮುಗಿಯುತ್ತದೆ. ರೈಲೇ ಮುಂದೆ ಹೋಗಲಾರದೆ ನಿಂತ ಜಾಗದಲ್ಲಿ ಮಾವ ಕಿಟಕಿಯ ಪಕ್ಕ ಕೂತೇ ಇದ್ದರಂತೆ. ಬೋಗಿ ಖಾಲಿಯಾಯಿತು, ಮತ್ತೆ ತುಂಬಿತು, ರೈಲು ಹಿಂದಕ್ಕೆ ಹೊರಟಿತು. ಬೆಳಿಗ್ಗೆ ಹತ್ತಿದ ಬಂಗಾರಪೇಟೆಯಲ್ಲೇ ಇಳಿದು, ಆಂಡರ್ಸನ್‌ಪೇಟೆಯಲ್ಲಿರುವ ತಮ್ಮ ಜೆರಾಕ್ಸ್ ಅಂಗಡಿಯನ್ನು ಹುಡುಕುತ್ತಾ ರಸ್ತೆಗೆ ಬಂದರು! ಸ್ಟೇಷನ್ ಎದುರು ಮೆಡಿಕಲ್ ಶಾಪ್ ಇಟ್ಟಿರುವ ನಾನು ಕಣ್ಣಿಗೆ ಬಿದ್ದೆ.

"ನೀನ್ಯಾಕಲಾ ಇಲ್ಲಿಗ್ ಬಂದೆ?" ಎಂದು ನನ್ನನ್ನೇ ಕೇಳಿದರು.

ಅವರ ತಲೆಯಲ್ಲಿ ಆಗ ಓಡುತ್ತಿದ್ದುದು ರೈಲಲ್ಲ, ಎಮ್ಯುಲೇಟರ್. ಹೆದರಬೇಡಿ, ವಿಷಯ ಸುಲಭ. ಹೊಸ ಕಂಪ್ಯೂಟರಿಗೆ ಹಳೆಯ ಕಂಪ್ಯೂಟರಿನ ವೇಷ ಕಟ್ಟಿಸುವ ಪ್ರೋಗ್ರಾಂ ಅದು. ಮೂಲ ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ. ಅದರ ಪ್ರೊಸೆಸರ್ ಮಾಡುತ್ತಿದ್ದ ಒಂದೊಂದು ಕೆಲಸವನ್ನೂ ಮಾವ ಹೊಸ ಯಂತ್ರಕ್ಕೆ ಕೂತು ಕಲಿಸುತ್ತಿದ್ದರು. ಹಳೆಯದಕ್ಕೆ ಬಣ್ಣ ಹೊಡೆದು ಹೊಸದು ಮಾಡುವವರು ಊರೂರಿಗೆ ಇದ್ದಾರೆ. ಚೆನ್ನಾಗಿರುವ ಹೊಸದನ್ನು ಬೆವರು ಸುರಿಸಿ ಹಳೆಯದು ಮಾಡುವವರು ನಮ್ಮ ಮನೆತನದಲ್ಲಿ ಮಾತ್ರ ಹುಟ್ಟುತ್ತಾರೆ!

ಹೋಗಲಿ, ಆ ವೇಷವಾದರೂ ಸರಿಯಾಗಿ ಕೂತಿತೇ? ಇಲ್ಲ. ಪ್ರೋಗ್ರಾಂ ಕೇಳುವ ವಿಳಾಸ ಒಂದಿರುತ್ತದಂತೆ, ಕಂಪ್ಯೂಟರಿನ ನೆನಪಿನಲ್ಲಿ ಸರಕು ನಿಜವಾಗಿ ಇರುವ ವಿಳಾಸ ಇನ್ನೊಂದಂತೆ. ನಡುವೆ ಪ್ರೊಸೆಸರ್ ಒಂದು ಪಟ್ಟಿ ನೋಡಿ, ಮೊದಲನೆಯದನ್ನು ಎರಡನೆಯದಕ್ಕೆ ಬದಲಾಯಿಸಿಕೊಳ್ಳಬೇಕು. ಮಾವನ ಎಮ್ಯುಲೇಟರ್ ಅಲ್ಲೇ ಎಡವುತ್ತಿತ್ತು. ಇವರ ಮನೆಗೆ ಎಂದು ಹೊರಟು ಪಕ್ಕದವರ ಮನೆಗೆ ನುಗ್ಗುತ್ತಿತ್ತು. ಮಾಡಿದವರ ಗುಣ ಮಾಡಿದ್ದಕ್ಕೆ ಬಾರದೆ ಇರುತ್ತದೆಯೇ?

ಇದನ್ನು ಅವರು ನನಗೊಬ್ಬನಿಗೆ ಹೇಳಿದ್ದರೆ ಸಹಿಸಬಹುದಿತ್ತು. ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಒಮ್ಮೆ ಹಳ್ಳಿಯಿಂದ ಬಂದ ಹಿರಿಯರೊಬ್ಬರು ಆಧಾರ್ ಕಾರ್ಡ್ ಕೊಟ್ಟು, ಎರಡೂ ಬದಿ ಒಂದೇ ಹಾಳೆಗೆ ಬರಲಿ ಎಂದರು. ಹಾಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹಳೆಯ ಯಂತ್ರವೂ ನೆನಪನ್ನು ಹಾಳೆ ಹಾಳೆಯಾಗಿಯೇ ಹಂಚಿಕೊಳ್ಳುತ್ತದೆಂದು ಮಾವ ಶುರು ಮಾಡಿದರು. ಹಿಂದೆ ಸಾಲು ಬೆಳೆಯಿತು. ಹಿರಿಯರು ಬಹಳ ಹೊತ್ತು ಮರ್ಯಾದೆಯಿಂದ ಕೇಳಿಸಿಕೊಂಡರು. ಆಮೇಲೆ ಕಾರ್ಡನ್ನು ಮೆಲ್ಲನೆ ವಾಪಸ್ಸು ತೆಗೆದುಕೊಂಡು, "ಸಾಮಿ, ನಿಮ್ ಮಿಸಿನ್ನು ಗುಣ ಆದ್ಮೇಲೆ ಬತ್ತೀನಿ" ಎಂದು ಪಕ್ಕದ ಅಂಗಡಿಗೆ ಹೋದರು. ಸಾಲೂ ಅವರ ಹಿಂದೆಯೇ ಹೋಯಿತು.

ನಿಶ್ಚಿತಾರ್ಥದ ಪ್ರಸಂಗ ಇನ್ನೂ ಘನವಾದದ್ದು. ಉರಿಗಾಂನಲ್ಲಿದ್ದ ನಮ್ಮ ನೆಂಟರೊಬ್ಬರು ಆಂಡರ್ಸನ್‌ಪೇಟೆಗೆ ಮನೆ ಬದಲಾಯಿಸಿದ್ದರು. ಅವರ ಮಗಳ ನಿಶ್ಚಿತಾರ್ಥ. ಅತ್ತೆ ನನ್ನ ಜೊತೆ ಮೊದಲೇ ಬಂದಿದ್ದರು; ಮಾವ ಹಿಂದಿನಿಂದ ಬರಬೇಕಿತ್ತು. ಹೊಸ ಮನೆ ಅವರಿಗೆ ಗೊತ್ತಿಲ್ಲದ್ದೇನಲ್ಲ, ಹಾಲು ಉಕ್ಕಿಸಿದ ದಿನ ಅಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡವರು. ಆದರೂ ಕಾಲು ನೇರವಾಗಿ ಉರಿಗಾಂನ ಹಳೆಯ ಮನೆಗೆ ಹೋಯಿತು. ಅಲ್ಲಿಗೆ ಬಾಡಿಗೆಗೆ ಬಂದಿದ್ದ ತಮಿಳು ಕುಟುಂಬದಲ್ಲಿ ಅಂದೇ ಮೊಮ್ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಬಾಗಿಲಲ್ಲಿ ಶಾಮಿಯಾನ, ಒಳಗೆ ಎಲೆ. ಇನ್ನೇನು ಬೇಕು?

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಯಾರು ಬೇಕಿತ್ತೆಂದು ತಮಿಳಿನಲ್ಲಿ ಕೇಳಿದರಂತೆ. ಮಾವ ಊಟಕ್ಕೆ ಬಂದಿದ್ದೇನೆ ಎಂದರಂತೆ. ಇಷ್ಟು ನೇರವಾಗಿ ಹೇಳುವವರನ್ನು ಆ ತಾಯಿ ಕಂಡಿರಲಿಲ್ಲವೇನೋ, "ಉಕ್ಕಾರುಂಗ, ಸಾಪ್ಟು ಪೋಂಗ" ಎಂದು ಎಲೆಯ ಮುಂದೆ ಕೂರಿಸಿ ಊಟ ಮಾಡಿಯೇ ಹೋಗಿ ಎಂದರು. ಇತ್ತ ಕಾದು ಸಾಕಾಗಿ ನಾನು ಫೋನ್ ಮಾಡಿ ಎಲ್ಲಿದ್ದೀರೆಂದು ಕೇಳಿದರೆ, "ವಡೆ ಬತ್ತಾ ಐತೆ, ಪೋನ್ ಇಡ್ಲಾ" ಎಂಬ ಉತ್ತರ ಬಂತು.

ವಡೆ ಬಾಯಲ್ಲಿರುವಾಗಲೇ ಅವರಿಗೆ ಜ್ಞಾನೋದಯವಾದದ್ದು. ತಾನು ಕೂತಿರುವುದು ಯಾರದೋ ಮನೆ ಎಂದಲ್ಲ, ಅದು ಗೊತ್ತಾಗಲು ಇನ್ನೂ ಹೊತ್ತು ಹಿಡಿಯಿತು. ಮೊದಲು ಹೊಳೆದದ್ದು ಎಮ್ಯುಲೇಟರಿನ ತಪ್ಪು. ಪಟ್ಟಿಯಲ್ಲಿ ವಿಳಾಸ ಬದಲಾದ ಮೇಲೂ, ಅದು ಹಿಂದೆ ಬಾಯಿಪಾಠ ಮಾಡಿಟ್ಟುಕೊಂಡ ಹಳೆಯ ವಿಳಾಸಕ್ಕೇ ಹೋಗುತ್ತಿತ್ತು. ಪಟ್ಟಿ ಬದಲಾದಾಗ ಆ ಬಾಯಿಪಾಠವನ್ನು ಅಳಿಸಿಬಿಡಬೇಕಿತ್ತು, ಅಷ್ಟೇ. ಆನಂದದಲ್ಲಿ ಮಾವ ನಿಶ್ಚಿತಾರ್ಥದ ಹುಡುಗಿಗೆಂದು ತಂದಿದ್ದ ಬೆಳ್ಳಿ ಕುಂಕುಮದ ಭರಣಿಯನ್ನು ಕಿವಿ ಚುಚ್ಚಿಸಿಕೊಂಡು ಅಳುತ್ತಿದ್ದ ಗಂಡುಮಗುವಿನ ಕೈಗಿಟ್ಟು ಬಂದರು!

ಒಂದು ತಪ್ಪು ಹೋಯಿತೆಂದು ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂತು. ಕೆಲವು ಸಂಖ್ಯೆಗಳು ಅರ್ಧ ಒಂದು ಹಾಳೆಯ ಕೊನೆಗೂ ಉಳಿದರ್ಧ ಮುಂದಿನ ಹಾಳೆಯ ಮೊದಲಿಗೂ ಬೀಳುತ್ತವಂತೆ. ಆ ಮುಂದಿನ ಹಾಳೆ ನೆನಪಿನಲ್ಲಿ ಎಲ್ಲೋ ದೂರದಲ್ಲಿರಬಹುದು; ಅದರ ವಿಳಾಸವನ್ನು ಬೇರೆಯಾಗಿಯೇ ನೋಡಬೇಕು. ಮಾವನ ಎಮ್ಯುಲೇಟರ್ ಸೋಮಾರಿ. ಮೊದಲರ್ಧದ ಪಕ್ಕದಲ್ಲಿ ಏನಿದೆಯೋ ಅದನ್ನೇ ಎಳೆದು ಅಂಟಿಸಿಕೊಳ್ಳುತ್ತಿತ್ತು. ಒಂದು ಸಂಜೆ ಮಾವ ಇದನ್ನು ವಿವರಿಸಿದಾಗ, ಹಸುಗಳಿಗೆ ಬೂಸಾ ಕಲಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಅರ್ದ ಇಲ್ಲಿ, ಅರ್ದ ಇನ್ನೆಲ್ಲೋ. ಅದು ನಿಮ್ ಕತೆನೇ ಅಲ್ವಾ?" ಎಂದರು.

ಅತ್ತೆಗೆ ಹೀಗೆ ಮಾತಾಡುವ ಹಕ್ಕಿತ್ತು. ಅಂಗಡಿ ಇವರದು, ಸಂಸಾರ ನಡೆಸಿದ್ದು ಅತ್ತೆಯ ಹಸುಗಳು. ಕರೆಯುವುದು, ಡೈರಿಗೆ ಹಾಲು ಹಾಕುವುದು, ಮೇವು ತರುವುದು ಎಲ್ಲ ಅವರೇ. ಮಾವನಿಗೆ ಹಸುವಿನ ಯಾವ ಕಡೆ ಕೊಂಬು ಎಂಬುದೂ ಸರಿಯಾಗಿ ಗೊತ್ತಿತ್ತೋ ಇಲ್ಲವೋ. ಇಷ್ಟೆಲ್ಲ ಯಾತಕ್ಕೆ ಮಾವ ಎಂದು ನಾನು ಕೇಳಿದಾಗಲೆಲ್ಲ "ಓಡ್ಬೇಕು ಕಣ್ಲಾ, ಅಷ್ಟೆ" ಎನ್ನುತ್ತಿದ್ದರು. ಏನು ಓಡಬೇಕು ಎಂದರೆ ಬಾಯಿ ಬಿಡುತ್ತಿರಲಿಲ್ಲ.

ಕೊನೆಗೆ ಆ ತಪ್ಪೂ ಸರಿಹೋಗಿ, ಒಂದು ಭಾನುವಾರ ಮಧ್ಯಾಹ್ನ ಮಾವ ಮನೆಗೆ ಬರಹೇಳಿದರು. ಹೋದೆ. ಅತ್ತೆಯನ್ನೂ ಕೊಟ್ಟಿಗೆಯಿಂದ ಕರೆದು, ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಕೈ ಸಗಣಿ ಎಂದರೂ ಬಿಡಲಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಬಂದವು. ಅವುಗಳ ಕೆಳಗೆ ಎರಡು ಸಾಲು ಗುಳಿಗಳು, ಗುಳಿಗಳಲ್ಲಿ ಕಾಳಿನ ಸಂಖ್ಯೆ. ಅಳಗುಳಿಮಣೆ! ಎಲ್ಲಕ್ಕಿಂತ ಮೇಲೆ ಅತ್ತೆಯ ಹೆಸರು. ಮದುವೆಗೆ ಮುಂಚಿನ, ಅವರ ತಂದೆಯ ಹೆಸರು ಸೇರಿದ್ದ ಹೆಸರು.

ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು.

ನನಗೆ ಗೊತ್ತಿರದಿದ್ದ ಸಂಗತಿಯನ್ನು ಮಾವ ಆಗ ಹೇಳಿದರು. ಅತ್ತೆ ಹುಡುಗಿಯಾಗಿದ್ದಾಗ ಬಂಗಾರಪೇಟೆಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದರಂತೆ. ಯಂತ್ರಕ್ಕೆ ಅಳಗುಳಿಮಣೆ ಆಡಲು ಕಲಿಸುವ ಪ್ರೋಗ್ರಾಂ ಬರೆದು ಮುಗಿಸಿದ್ದರಂತೆ. ಅದನ್ನು ಓಡಿಸಿ ತೋರಿಸುವ ಮೊದಲೇ ಮದುವೆ ಗೊತ್ತಾಯಿತು, ಕಲಿತದ್ದು ಸಾಕೆಂದು ಮನೆಯವರು ಬಿಡಿಸಿದರು. ಕಲಿಸುತ್ತಿದ್ದ ಜಾಗವೂ ಮುಂದೆ ಮುಚ್ಚಿತು. ಅತ್ತೆಯ ಪ್ರೋಗ್ರಾಂ ಇದ್ದ ಫ್ಲಾಪಿಗಳು ಗುಜರಿಗೆ ಹೊರಟಿದ್ದವು, ಮಾವ ಕೇಳಿ ತಂದಿಟ್ಟುಕೊಂಡರು. ಆ ಪ್ರೋಗ್ರಾಂ ಆ ಯಂತ್ರದ ಮೇಲಲ್ಲದೆ ಬೇರೆಲ್ಲೂ ಓಡುತ್ತಿರಲಿಲ್ಲ.

"ಅವತ್ತು ಇನ್ನೊಂದ್ ತಿಂಗ್ಳು ಕಲೀಲಿ ಬಿಡಿ ಅಂತ ನಾನಾದ್ರೂ ಏಳ್ಬೋದಿತ್ತು" ಎಂದರು ಮಾವ. "ಏಳ್ಲಿಲ್ಲ."

ಅತ್ತೆ ಒಂದು ಕೀಲಿ ಒತ್ತಿದರು. ಕಾಳು ಹಂಚಿಕೊಂಡು ಹೋದವು. ಯಂತ್ರ ತನ್ನ ಸರದಿ ಆಡಿತು. ಸ್ವಲ್ಪ ಹೊತ್ತಿನಲ್ಲಿ ಅತ್ತೆಯ ಗುಳಿಗಳೆಲ್ಲ ಬರಿದಾದವು.

"ಇವ್ಳು ಬಲೇ ಜೋರವ್ಳೆ" ಎಂದು ಅತ್ತೆ ಪರದೆಯ ಮೇಲಿನ ತಮ್ಮ ಹಳೆಯ ಹೆಸರನ್ನು ನೋಡಿ ಮೆಲ್ಲಗೆ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡು, ಇನ್ನೊಂದಾಟಕ್ಕೆ ಕುರ್ಚಿಯನ್ನು ಮುಂದೆ ಎಳೆದುಕೊಂಡರು.

ಕೊಟ್ಟಿಗೆಯಲ್ಲಿ ಹಸು ಕೂಗಿತು. ಹಾಲು ಕರೆಯುವ ಹೊತ್ತು ಮೀರುತ್ತಿತ್ತು. ಅತ್ತೆ ಏಳಲು ಹೋದರು. ಮಾವ ಅವರ ಭುಜದ ಮೇಲೆ ಕೈಯಿಟ್ಟು ಕೂರಿಸಿ, ತಾವೇ ಬಕೆಟ್ ಎತ್ತಿಕೊಂಡು ಹೊರಟರು. ತುಸು ಹೊತ್ತಿಗೆ ಬಕೆಟ್ ಉರುಳಿದ ಸದ್ದೂ, ಅದರ ಹಿಂದೆಯೇ ಮಾವ ಉರುಳಿದ ಸದ್ದೂ ಕೇಳಿಸಿತು. ನಾನು ಓಡಿದೆ. ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.